ಎರಡೆರಡೇ ಇಟ್ಟು ನೋಡಿದ ವರ್ಗಾವಣೆ

ಆ ವರ್ಷದ ವರ್ಗಾವಣೆ ಪಟ್ಟಿಯಲ್ಲಿ ನನ್ನ ಹೆಸರು ಬಂದಾಗ ನಾನು ಖುಷಿಪಡಬೇಕಿತ್ತು. ಬಿಕ್ಕೋಡಿನಿಂದ ಆಚೆ, ಕಾಫಿ ತೋಟಗಳ ನಡುವಿನ ಒಂದು ಪ್ರಾಥಮಿಕ ಶಾಲೆಯಲ್ಲಿ ಒಂಬತ್ತು ವರ್ಷ ಕಳೆದಿದ್ದೆ. ಬೆಳಿಗ್ಗೆ ಬೇಲೂರಿನ ಬಾಡಿಗೆ ಮನೆ ಬಿಟ್ಟು ಬಸ್ಸಿನಲ್ಲಿ ಬಿಕ್ಕೋಡಿಗೆ, ಅಲ್ಲಿಂದ ತೋಟದ ಕೆಲಸಕ್ಕೆ ಹೋಗುವವರ ಜೊತೆ ಜೀಪಿನಲ್ಲಿ ಒತ್ತಿಕೊಂಡು ಶಾಲೆಗೆ. ಸಂಜೆ ಜೀಪು ತುಂಬಿ ಹೋಗಿದ್ದರೆ ಬಿಕ್ಕೋಡಿನವರೆಗೂ ನಡಿಗೆ. ಸೊಂಟ ನೋವು ಶುರುವಾಗಿ ಎರಡು ವರ್ಷವಾಗಿತ್ತು. ಕೋರಿಕೆ ವರ್ಗಾವಣೆಗೆ ಅರ್ಜಿ ಹಾಕಿದವಳೂ ನಾನೇ. ಆದರೆ ಹೆಸರು ಬಂದ ಮೇಲೆ ಯಾವ ಊರು ಕೇಳುವುದು ಎಂಬ ಪ್ರಶ್ನೆ ಎದುರಾಗಿ ನಾನು ಕಂಗಾಲಾದೆ.

ಖಾಲಿ ಹುದ್ದೆಗಳ ಪಟ್ಟಿಯಲ್ಲಿ ನನಗೆ ಆಗಿಬರುವಂಥವು ಮೂರಿದ್ದವು. ಒಂದು ಅರಸೀಕೆರೆ ಪೇಟೆಯೊಳಗಿನ ದೊಡ್ಡ ಶಾಲೆ. ನನ್ನ ಗಂಡ ಅರಸೀಕೆರೆಯಲ್ಲಿ ರೈಲ್ವೆ ಸಿಗ್ನಲ್ ರಿಪೇರಿಯ ಕೆಲಸದಲ್ಲಿದ್ದಾರೆ. ಅಲ್ಲೊಂದು ರೂಮು ಮಾಡಿಕೊಂಡು ಶನಿವಾರ ಸಂಜೆ ಬೇಲೂರಿಗೆ ಬಂದು ಸೋಮವಾರ ನಸುಕಿಗೇ ಹೊರಡುತ್ತಿದ್ದರು. ಇನ್ನೊಂದು ಹಳೇಬೀಡಿನ ಹತ್ತಿರದ ಚಿಕ್ಕ ಶಾಲೆ. ನಮ್ಮ ಅತ್ತೆಯ ಊರು ಅಲ್ಲಿಗೆ ಹತ್ತಿರ. ಹಳೇಬೀಡಿನಲ್ಲಿ ಮನೆ ಮಾಡಿದರೆ ಗಂಡ ಬೈಕಿನಲ್ಲೇ ದಿನಾ ಅರಸೀಕೆರೆಗೆ ಹೋಗಿ ಬರಬಹುದಿತ್ತು. ಮೂರನೆಯದು ಹಗರೆ. ಬೇಲೂರಿನ ಮನೆ ಬಿಡಬೇಕಾಗಿಲ್ಲ, ಮುಖ್ಯರಸ್ತೆಯ ಮೇಲೆ ಬೇಕೆಂದಾಗ ಬಸ್ಸು. ಯಾವುದೂ ಬೇಡವೆಂದರೆ ಇದ್ದಲ್ಲೇ ಇರಬಹುದು. ಅದು ನಾಲ್ಕನೆಯ ದಾರಿ.

ಗಂಡ ಫೋನಿನಲ್ಲಿ, "ಅರಸೀಕೆರೆ ತಗೊಂಡ್ಬಿಡು ಕಣೇ, ಸಂಸಾರ ಒಂದ್ಕಡೆ ಆಗುತ್ತೆ" ಎಂದರು. ಏಳನೇ ತರಗತಿ ಮುಗಿಸುತ್ತಿದ್ದ ಮಗಳು ಬೇಲೂರಿನ ಶಾಲೆಯ ಖೋಖೋ ತಂಡದಲ್ಲಿದ್ದಳು. ಊರು ಬಿಡುವ ಮಾತೆತ್ತಿದರೆ ಊಟದ ತಟ್ಟೆ ಬಿಟ್ಟು ಏಳುತ್ತಿದ್ದಳು. ಅತ್ತೆಗೆ ನಾವು ಹಳೇಬೀಡಿನ ಕಡೆ ಬರಲಿ ಎಂಬ ಆಸೆ ಇದೆಯೆಂದು ಗಂಡನೇ ಹೇಳಿದ್ದರು. ನಾನು ಗಂಡನ ಹತ್ತಿರ ಹೂಂ ಎಂದೆ, ಮಗಳ ಹತ್ತಿರ ಎಲ್ಲೂ ಹೋಗಲ್ಲ ಎಂದೆ, ಅತ್ತೆ ಫೋನ್ ಮಾಡಿದಾಗ ಮಾತು ತೇಲಿಸಿದೆ.

ಬೆಳಗಿನ ಬಸ್ಸಿನಲ್ಲಿ ನನ್ನ ಪಕ್ಕ ಕೂರುತ್ತಿದ್ದವರು ಬಿಕ್ಕೋಡಿನ ಹೈಸ್ಕೂಲಿನ ಗಣಿತದ ಮೇಡಂ. ನನಗಿಂತ ಹದಿನೈದು ವರ್ಷ ದೊಡ್ಡವರು, ನಿವೃತ್ತಿಗೆ ಹತ್ತಿರವಾಗಿದ್ದವರು. ಡ್ರೈವರ್ ಹಿಂದಿನ ಸೀಟನ್ನು ಕಂಡಕ್ಟರ್ ಅವರಿಗೆಂದೇ ಕಾದಿಡುತ್ತಿದ್ದ. ಹೆಚ್ಚು ಮಾತಾಡುವವರಲ್ಲ. ತೊಡೆಯ ಮೇಲೆ ರಟ್ಟು ಇಟ್ಟುಕೊಂಡು, ಬಸ್ಸು ಎಷ್ಟೇ ಕುಲುಕಿದರೂ ಕೈ ಅಲುಗಾಡದಂತೆ ಮಕ್ಕಳ ಉತ್ತರ ಪತ್ರಿಕೆ ತಿದ್ದುತ್ತಿದ್ದರು. ಆ ವಾರ ನಾನು ನನ್ನ ಗೋಳನ್ನೆಲ್ಲ ಅವರ ಕಿವಿಗೆ ಸುರಿದೆ. ಗುರುವಾರ ಅವರು ಪೆನ್ನಿನ ಕ್ಯಾಪು ಹಾಕಿ ನನ್ನ ಕಡೆ ತಿರುಗಿದರು.

"ಸೋಮವಾರ ಅರಸೀಕೆರೆ ಅಂದೆ. ಮಂಗಳವಾರ ಹಗರೆ. ನಿನ್ನೆ ಎಲ್ಲೂ ಹೋಗಲ್ಲ ಅಂದೆ. ಇವತ್ತು ಹಳೇಬೀಡು. ಕೌನ್ಸೆಲಿಂಗ್ ಯಾವತ್ತು?"

"ಬರೋ ಗುರುವಾರ ಮೇಡಂ."

"ಅಲ್ಲಿ ಪರದೆ ಮುಂದೆ ನಿಂತಾಗ ಊರು ಆರಿಸೋಕೆ ಒಂದು ನಿಮಿಷ ಕೊಡ್ತಾರೆ ಅಷ್ಟೆ. ಶನಿವಾರ ಸ್ಕೂಲ್ ಬಿಟ್ಟ ಮೇಲೆ ಮನೆಗೆ ಬಾ."

ಯಾವ ಊರು ಒಳ್ಳೆಯದು ಎಂದು ಅವರು ಹೇಳಿಬಿಡುತ್ತಾರೆ ಎಂದುಕೊಂಡೇ ನಾನು ಹೋದೆ. ಬೇಲೂರು ಸುತ್ತಮುತ್ತಲಿನ ಶಾಲೆಗಳನ್ನೆಲ್ಲ ಬಲ್ಲವರು. ಅವರು ಹೇಳಿದ್ದನ್ನು ಮನೆಯವರ ಮುಂದೆ ಇಟ್ಟು ಕೈ ತೊಳೆದುಕೊಳ್ಳಬಹುದು ಎಂಬ ಲೆಕ್ಕ ನನ್ನದು. ಅವರ ಮನೆ ಯಗಚಿ ಹೊಳೆಯ ಕಡೆಗೆ ಹೋಗುವ ರಸ್ತೆಯಲ್ಲಿ, ಮಹಡಿಯ ಮೇಲೆ. ಸೀಬೆಹಣ್ಣು ಹೆಚ್ಚಿ ಉಪ್ಪು ಖಾರ ಹಾಕಿ ತಂದಿಟ್ಟರು. ನಾನು ಬಾಯಿ ತೆರೆದು, "ಅರಸೀಕೆರೆ ಏನಂದ್ರೆ..." ಎನ್ನುವಷ್ಟರಲ್ಲೇ ಕೈ ಅಡ್ಡ ಮಾಡಿದರು.

"ಊರಿನ ಹೆಸರು ಈಗ ಎತ್ತಬೇಡ. ಊರು ಆಮೇಲೆ. ಮೊದಲು ನಿನಗೆ ಏನೇನು ಬೇಕು ಹೇಳು."

ಹೇಳುತ್ತಾ ಹೋದೆ. ಅವರು ಹಳೇ ಉತ್ತರ ಪತ್ರಿಕೆಯ ಖಾಲಿ ಬೆನ್ನನ್ನು ಚೌಕ ಚೌಕವಾಗಿ ಹರಿದು ಒಂದೊಂದರ ಮೇಲೂ ಒಂದೊಂದು ಮಾತು ಬರೆದರು. ಗಂಡ ಹೆಂಡತಿ ಒಟ್ಟಿಗಿರುವುದು. ಓಡಾಟ ಕಡಿಮೆಯಾಗುವುದು. ಮಗಳ ಓದು. ಮನಸ್ಸಿಗೆ ಒಪ್ಪುವ ಕೆಲಸ. ಐದನೆಯದಾಗಿ ನಾನು "ಅತ್ತೆಯ ಆಸೆ" ಎಂದೆ. ಅವರು ಬರೆಯಲಿಲ್ಲ.

"ಅತ್ತೆ ನಿನ್ನ ಹತ್ತಿರ ಹಾಗಂದರಾ?"

"ಇಲ್ಲ. ಇವರು ಹೇಳಿದ್ದು."

"ಹಾಗಾದ್ರೆ ಅವರನ್ನೇ ಕೇಳು. ಈಗಲೇ ಕೇಳು, ಫೋನ್ ಇದೆಯಲ್ಲ."

ಅವರ ಎದುರೇ ಕೂತು ಅತ್ತೆಗೆ ಫೋನ್ ಮಾಡಿದೆ. ಅತ್ತೆ ಮೈದುನನ ಸಂಸಾರದ ಜೊತೆ ಇರುತ್ತಾರೆ. ರಾಗಿ ಹೊಲ, ತೆಂಗು, ಎರಡು ಹಸು ಎಂದು ದಿನವಿಡೀ ಕೈ ತುಂಬ ಕೆಲಸ. ನನ್ನ ಪ್ರಶ್ನೆ ಕೇಳಿ ಅವರು ನಕ್ಕೇಬಿಟ್ಟರು. "ಅಲ್ಲ ಕಣವ್ವ, ನಾನ್ಯಾವಾಗ ಬಾ ಅಂದೆ? ನಿನ್ ಗಂಡ ಬಂದಾಗ ಹಳೇಬೀಡಲ್ಲಿ ಒಂದು ಸ್ಕೂಲೈತಂತೆ ಅಂದ. ಹೂಂ ಅಂದೆ. ನಿಂಗೆ ಎಲ್ಲಿ ಸುಖ ಐತೋ ಅಲ್ಲಿರು. ನೋಡ್ಬೇಕು ಅನ್ಸಿದ್ರೆ ನಾನೇ ಬತ್ತೀನಿ, ಬಸ್ಸಿಲ್ವಾ?"

ಒಂದು ವಾರದಿಂದ ನನ್ನ ತಲೆ ತಿನ್ನುತ್ತಿದ್ದ ವಿಷಯ ಎರಡು ನಿಮಿಷದಲ್ಲಿ ಬಗೆಹರಿಯಿತು. ಮೇಡಂ ಉಳಿದ ನಾಲ್ಕು ಚೀಟಿಗಳಲ್ಲಿ ಎರಡನ್ನು ಮಾತ್ರ ನನ್ನ ಮುಂದಿಟ್ಟು ಮಿಕ್ಕೆರಡನ್ನು ಪುಸ್ತಕದ ಕೆಳಗೆ ಮುಚ್ಚಿದರು.

"ಈ ಎರಡೇ ನೋಡು. ಜಗತ್ತಿನಲ್ಲಿ ಬೇರೆ ಏನೂ ಇಲ್ಲ ಅಂದ್ಕೊ. ಇವೆರಡರಲ್ಲಿ ನಿನಗೆ ಯಾವುದು ಹೆಚ್ಚು? ಒಂಚೂರು ಹೆಚ್ಚಾ, ಬಹಳ ಹೆಚ್ಚಾ, ಎರಡೂ ಸಮವಾ?"

ಸಮವೆಂದರೆ ಒಂದು, ಒಂಚೂರು ಹೆಚ್ಚೆಂದರೆ ಮೂರು, ಬಹಳ ಹೆಚ್ಚೆಂದರೆ ಐದು. ತಿರುಗಿಸಿ ಓದಿದರೆ ಮೂರರಲ್ಲೊಂದು, ಐದರಲ್ಲೊಂದು. ಇಷ್ಟೇ ನಿಯಮ. ನಾಲ್ಕು ಚೀಟಿಗೆ ಆರು ಜೋಡಿ. ಹಿಂದೆ ಯಾವುದೋ ತರಬೇತಿಯಲ್ಲಿ ಎಂಜಿನಿಯರ್ ಒಬ್ಬರು ಸೇತುವೆ ಎಲ್ಲಿ ಕಟ್ಟಬೇಕೆಂದು ಹೀಗೆ ತೀರ್ಮಾನಿಸುತ್ತಾರೆ ಎಂದು ಹೇಳಿಕೊಟ್ಟಿದ್ದರಂತೆ. ಊಟದ ನಂತರದ ಅವಧಿ, ಉಳಿದವರೆಲ್ಲ ತೂಕಡಿಸುತ್ತಿದ್ದರಂತೆ. ಇವರು ಮಾತ್ರ ಬರೆದುಕೊಂಡು ಬಂದು, ಹತ್ತನೇ ತರಗತಿಯ ಮಕ್ಕಳ ಪ್ರವಾಸ ಎಲ್ಲಿಗೆ ಎಂಬ ಜಗಳವನ್ನು ಇದರಿಂದಲೇ ಬಗೆಹರಿಸಿದ್ದರಂತೆ. ಅಂದಿನಿಂದ ಇದು ಅವರ ಕೈಗೆ ಪಳಗಿದ ವಿದ್ಯೆ.

ಮಗಳ ಓದು ಬಂದ ಮೂರು ಜೋಡಿಯಲ್ಲೂ ಅದನ್ನೇ ಹೆಚ್ಚೆಂದೆ. ಅದರಲ್ಲಿ ತೊಡಕಿರಲಿಲ್ಲ. ಉಳಿದ ಮೂರು ಜೋಡಿಗಳಲ್ಲಿ ನಾನು ಸಿಕ್ಕಿಬಿದ್ದೆ. ಓಡಾಟ ಕಡಿಮೆಯಾಗುವುದೋ ಒಟ್ಟಿಗಿರುವುದೋ ಎಂದು ಕೇಳಿದರು. ಸ್ವಲ್ಪ ಹೊತ್ತು ಯೋಚಿಸಿ, "ಓಡಾಟ ಕಡಿಮೆಯಾಗೋದೇ ಒಂಚೂರು ಹೆಚ್ಚು. ಇವರು ವಾರಕ್ಕೊಮ್ಮೆ ಬರ್ತಾರಲ್ಲ, ನನ್ನ ಸೊಂಟ ದಿನಾ ನೋಯುತ್ತೆ" ಎಂದೆ. ಓಡಾಟವೋ ಮನಸ್ಸಿಗೆ ಒಪ್ಪುವ ಕೆಲಸವೋ ಎಂದರು. ಯೋಚಿಸುವ ಮುಂಚೆಯೇ ಬಾಯಿಂದ ಬಂತು: "ಕೆಲಸ. ಒಂಬತ್ತು ವರ್ಷ ಅದಕ್ಕೇ ಅಲ್ವಾ ಓಡಾಡಿದ್ದು." ಕೊನೆಗೆ ಒಟ್ಟಿಗಿರುವುದೋ ಕೆಲಸವೋ ಎಂದು ಕೇಳಿದಾಗ, "ಒಟ್ಟಿಗಿರೋದು. ಬಹಳ ಹೆಚ್ಚು" ಎಂದೆ.

ಅವರು ಮೂರು ಚೀಟಿಗಳನ್ನು ಮೇಜಿನ ಮೇಲೆ ತ್ರಿಕೋನವಾಗಿ ಇಟ್ಟು ಪೆನ್ಸಿಲಿನಲ್ಲಿ ಬಾಣ ಎಳೆದರು. ಕೆಲಸ ಓಡಾಟಕ್ಕಿಂತ ಹೆಚ್ಚು. ಓಡಾಟ ಒಟ್ಟಿಗಿರುವುದಕ್ಕಿಂತ ಹೆಚ್ಚು. ಒಟ್ಟಿಗಿರುವುದು ಕೆಲಸಕ್ಕಿಂತ ಹೆಚ್ಚು. ಬಾಣಗಳು ಒಂದರ ಬಾಲ ಒಂದು ಹಿಡಿದು ತಿರುಗುತ್ತಿದ್ದವು.

"ನೋಡು, ಸುತ್ತು ಬಂತು. ನೀನು ದಿನಕ್ಕೊಂದು ಊರು ಹೇಳ್ತಾ ಇದ್ದದ್ದು ಇದಕ್ಕೇ."

ನನಗೆ ನಾಚಿಕೆಯಾಯಿತು. ಮಕ್ಕಳಿಗೆ ಪಾಠ ಹೇಳುವವಳು ಆರು ಪ್ರಶ್ನೆಗೆ ನೆಟ್ಟಗೆ ಉತ್ತರ ಕೊಡಲಿಲ್ಲವಲ್ಲ ಎಂದು. "ತಪ್ಪಾಯ್ತು ಮೇಡಂ, ಕೊನೇದನ್ನ ತಿರುಗಿಸಿಬಿಡಿ, ಸರಿಹೋಗುತ್ತೆ" ಎಂದೆ. ಅವರು ಪೆನ್ಸಿಲನ್ನು ದೂರ ಸರಿಸಿದರು.

"ನಾನು ತಿದ್ದಲ್ಲ. ನೀನೂ ಈಗ ತಿದ್ದಬೇಡ. ತಿದ್ದಿದ್ರೆ ಕಾಗದ ಸರಿಹೋಗುತ್ತೆ, ನೀನು ಸರಿಹೋಗಲ್ಲ. ಈ ಮೂರು ಉತ್ತರದಲ್ಲಿ ಎಲ್ಲೋ ಒಂದು ಕಡೆ ನಿನ್ನ ಮಾತು ಬಿಟ್ಟು ಇನ್ಯಾರದೋ ಮಾತು ಹೇಳಿದ್ದೀಯ. ಯಾವುದು ಅಂತ ಮನೆಗೆ ಹೋಗಿ ನೋಡು. ನಿನ್ನ ಯಜಮಾನರ ಹತ್ತಿರಾನೂ ಈ ಆರು ಪ್ರಶ್ನೆ ಕೇಳು. ನಿನ್ನ ಉತ್ತರ ಮೊದಲೇ ತೋರಿಸಬೇಡ."

ಮೆಟ್ಟಿಲು ಇಳಿಯುವಾಗಲೇ ನನಗೆ ಗೊತ್ತಾಗಿತ್ತು. ಮೊದಲ ಎರಡು ಉತ್ತರಗಳನ್ನು ಹೇಳುವಾಗ ನಾನು ನನ್ನ ಸೊಂಟವನ್ನೂ ನನ್ನ ತರಗತಿಯ ಮಕ್ಕಳನ್ನೂ ನೆನೆದಿದ್ದೆ. ಮೂರನೆಯದನ್ನು ಹೇಳುವಾಗ, ಹೀಗೆ ಹೇಳದಿದ್ದರೆ ಮೇಡಂ ನನ್ನನ್ನು ಎಂಥ ಹೆಂಡತಿ ಎಂದುಕೊಳ್ಳುತ್ತಾರೋ ಎಂದು ನೆನೆದಿದ್ದೆ.

ಮರುದಿನ ಭಾನುವಾರ. ಮಗಳು ಖೋಖೋ ಅಭ್ಯಾಸಕ್ಕೆ ಹೋಗಿದ್ದಳು. ತಿಂಡಿ ಮುಗಿಸಿ ಬೈಕು ತೊಳೆದು ಬಂದ ಗಂಡನ ಮುಂದೆ ಚೀಟಿಗಳನ್ನು ಇಟ್ಟೆ.

"ಇದೇನೇ, ಮನೆ ವಿಷಯಕ್ಕೂ ಗಣಿತಾನಾ?" ಎಂದು ನಕ್ಕರು. ಆದರೆ ಸಿಗ್ನಲ್ ಕೆಟ್ಟರೆ ಒಂದೊಂದೇ ತಂತಿ ಪರೀಕ್ಷಿಸಿ ದೋಷ ಹುಡುಕುವ ಕೆಲಸ ಅವರದು. ಎರಡನೇ ಜೋಡಿಗೆ ಬರುವ ಹೊತ್ತಿಗೆ ಕುರ್ಚಿ ಮುಂದೆ ಎಳೆದುಕೊಂಡು ಕೂತಿದ್ದರು. ಅವರ ಆರು ಉತ್ತರದಲ್ಲಿ ಎಲ್ಲೂ ಸುತ್ತಿರಲಿಲ್ಲ. ಮಗಳ ಓದು ಮೊದಲು, ನನ್ನ ಓಡಾಟ ಕಡಿಮೆಯಾಗುವುದು ಎರಡನೆಯದು, ಒಟ್ಟಿಗಿರುವುದು ಮೂರು, ನನ್ನ ಕೆಲಸ ಕೊನೆಗೆ.

"ಅರಸೀಕೆರೆ ಅಂತ ಅಷ್ಟು ಹೇಳ್ತಿದ್ರಿ, ಒಟ್ಟಿಗಿರೋದನ್ನ ಮೂರನೇದು ಅಂತೀರಲ್ಲ?" ಎಂದೆ.

"ನಿನಗೆ ದಿನಾ ಬಸ್ಸು ಜೀಪು ಹತ್ತೋದು ತಪ್ಪಲಿ ಅಂತ ಹೇಳಿದ್ದು. ಅಲ್ಲಾದ್ರೆ ನಡ್ಕೊಂಡು ಹೋಗಬಹುದು." ಕೈ ಚಾಚಿ, "ನಿಂದು ತೋರ್ಸು" ಎಂದರು.

ತೋರಿಸಿದೆ. ಯಾವ ಉತ್ತರ ಸುಳ್ಳು ಎಂಬುದನ್ನೂ ಹೇಳಿದೆ. ಅವರು ಕಾಗದ ನೋಡಿದರು, ನನ್ನನ್ನು ನೋಡಿದರು. "ಅಂದ್ರೆ ನಾವು ಜೊತೆಗಿರೋದಕ್ಕಿಂತ ಆ ಕಾಫಿ ತೋಟದ ಸ್ಕೂಲು ನಿಂಗೆ ಹೆಚ್ಚು" ಎಂದರು. ಕೋಪವಿರಲಿಲ್ಲ, ಬೇಜಾರಿತ್ತು. ಎದ್ದು ಹೊರಗೆ ಹೋದರು. ಬಕೆಟ್ಟಿಗೆ ನೀರು ಬೀಳುವ ಸದ್ದು ಕೇಳಿಸಿತು. ತೊಳೆದ ಬೈಕನ್ನೇ ಮತ್ತೆ ತೊಳೆಯುತ್ತಿದ್ದರು.

ನಾನು ಅಡುಗೆಮನೆಯಲ್ಲಿ ನಿಂತು, ಈ ಚೀಟಿಗಳ ಸಹವಾಸ ಬೇಡವಾಗಿತ್ತು ಎಂದುಕೊಂಡೆ. ಹದಿನಾಲ್ಕು ವರ್ಷದ ಸಂಸಾರದಲ್ಲಿ ಇಂಥ ಮಾತು ಬಂದಿರಲಿಲ್ಲ. ಅರ್ಧ ಗಂಟೆಯ ಮೇಲೆ ಅವರು ಕೈ ಒರೆಸಿಕೊಳ್ಳುತ್ತಾ ಬಂದು ಬಾಗಿಲಿಗೆ ಒರಗಿದರು.

"ಏನಿದೆ ಆ ಕೆಲಸದಲ್ಲಿ? ನೀನು ಯಾವತ್ತೂ ಹೇಳೇ ಇಲ್ವಲ್ಲ. ಸುಸ್ತಾಯ್ತು ಅನ್ನೋದೊಂದೇ ಕೇಳಿದ್ದೀನಿ."

ನಿಜ. ನಾನು ಮನೆಗೆ ತರುತ್ತಿದ್ದುದು ಸುಸ್ತನ್ನು ಮಾತ್ರ. ಆವತ್ತು ಹೇಳಿದೆ. ತೋಟದ ಕೆಲಸಕ್ಕೆಂದು ದೂರದ ರಾಜ್ಯಗಳಿಂದ ಬಂದವರ ಮಕ್ಕಳು ವರ್ಷದ ನಡುವೆ ಬಂದು ಸೇರುತ್ತಾರೆ, ಕನ್ನಡದ ಒಂದಕ್ಷರ ಬರುವುದಿಲ್ಲ. ಒಂದೇ ಕೋಣೆಯಲ್ಲಿ ಒಂದರಿಂದ ಮೂರನೇ ತರಗತಿ. ಅವರಿಗೆ ಹೇಗೆ ಕಲಿಸಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಮೂರು ವರ್ಷ ತಡಕಾಡಿ ನಾನೇ ಒಂದು ದಾರಿ ಮಾಡಿಕೊಂಡೆ. ಕಳೆದ ವರ್ಷ ಬಂದ ಒಂದು ಹುಡುಗಿ ಎರಡು ತಿಂಗಳು ತುಟಿ ಬಿಚ್ಚಲಿಲ್ಲ. ಒಂದು ದಿನ ನಾನು ಬೋರ್ಡಿನ ಕಡೆ ತಿರುಗಿದ್ದಾಗ ಹಿಂದಿನಿಂದ, "ಮಿಸ್, ಚಾಕ್ ಬಿತ್ತು" ಎಂದಳು. ಅದು ಅವಳ ಮೊದಲ ಕನ್ನಡ. ನಾನು ಚಾಕ್ ಎತ್ತಿಕೊಳ್ಳದೆ ಹಾಗೇ ನಿಂತಿದ್ದೆ. ಪೇಟೆಯ ದೊಡ್ಡ ಶಾಲೆಯಲ್ಲಿ ನನಗೆ ಯಾವ ತರಗತಿ ಕೊಡುತ್ತಾರೋ, ಒಂದು ವಿಷಯದ ಪೀರಿಯಡ್ಡಿಗೆ ಹೋಗಿ ಬರುವುದೇ ಆಗುತ್ತದೋ, ನನಗೆ ಭಯ. ಚಿಕ್ಕ ಮಕ್ಕಳ ಜೊತೆ ಇಡೀ ದಿನ ಇರಬೇಕು ನನಗೆ. ಈ ಶಾಲೆಯೇ ಆಗಬೇಕೆಂದಿಲ್ಲ, ಆ ಕೆಲಸ ಇರುವ ಶಾಲೆ ಆಗಬೇಕು.

ಗಂಡ ಪೂರ್ತಿ ಕೇಳಿಸಿಕೊಂಡರು. "ಆ ಹುಡುಗಿ ಈಗ ಮಾತಾಡ್ತಾಳಾ?" ಎಂದು ಕೇಳಿದರು.

"ಈಗ ಸುಮ್ಮನಿರು ಅಂತ ಗದರಬೇಕು."

ನಕ್ಕರು. ಆಮೇಲೆ ತಮ್ಮ ಕಾಗದ ತೆಗೆದುಕೊಂಡು ಯೋಚಿಸಿ, "ನನ್ನ ಉತ್ತರ ಬದಲಾಯಿಸಲ್ಲ ಕಣೇ. ನಂಗೆ ಅನ್ಸಿದ್ದು ಅದೇ. ಆದ್ರೆ ನಿಂದನ್ನ ನೀನು ಸರಿಯಾಗಿ ಬರಿ" ಎಂದರು. ಅವರ ಆ ಮಾತು ನನಗೆ ಇಂದಿಗೂ ಇಷ್ಟ. ನನ್ನನ್ನು ಖುಷಿಪಡಿಸಲೆಂದು ಅವರೂ ತಿದ್ದಿಬಿಟ್ಟಿದ್ದರೆ ಇನ್ನೊಂದು ಸುಳ್ಳು ಸೇರುತ್ತಿತ್ತು.

ಆ ಸಂಜೆಯೇ ಇಬ್ಬರೂ ಮೇಡಂ ಮನೆಗೆ ಹೋದೆವು. ನಾನು ಹೊಸದಾಗಿ ಬರೆದಿದ್ದೆ: ಕೆಲಸ ಒಟ್ಟಿಗಿರುವುದಕ್ಕಿಂತ ಒಂಚೂರು ಹೆಚ್ಚು. ಮೇಡಂ ಕಾಗದದ ಮೇಲೆ ಕಣ್ಣಾಡಿಸಿ, "ಉಳಿದ ಉತ್ತರದ ಪ್ರಕಾರ ಇಲ್ಲಿ ಬಹಳ ಹೆಚ್ಚು ಅನ್ನಬೇಕಿತ್ತು. ಇರಲಿ, ಅಷ್ಟು ಕೊಂಕು ಎಲ್ಲರದ್ದರಲ್ಲೂ ಇರುತ್ತೆ. ಸುತ್ತು ಬರಬಾರದು ಅಷ್ಟೆ" ಎಂದರು.

ಇಬ್ಬರ ಅಂಕಿಗಳನ್ನು ಸೇರಿಸುವಾಗ ನನ್ನ ಗಂಡ, "ಕೂಡಿಸಿ ಎರಡರಿಂದ ಭಾಗಿಸಿದ್ರೆ ಆಯ್ತಲ್ವಾ ಮೇಡಂ?" ಎಂದರು.

"ಆಗಲ್ಲ. ನೀವು ಒಟ್ಟಿಗಿರೋದು ಕೆಲಸದ ಮೂರರಷ್ಟು ಅಂದಿದ್ದೀರ. ಇವಳು ಮೂರರಲ್ಲೊಂದು ಅಂದಿದ್ದಾಳೆ. ಇಬ್ಬರೂ ಒಂದೇ ಜೋರಿನಲ್ಲಿ ಎಳೆದ್ರೆ ಹಗ್ಗ ಎಲ್ಲಿ ನಿಲ್ಲಬೇಕು? ಮಧ್ಯದಲ್ಲಿ, ಸಮ ಅನ್ನೋ ಕಡೆ. ಕೂಡಿಸಿ ಅರ್ಧ ಮಾಡಿದ್ರೆ ಒಂದೂ ಮುಕ್ಕಾಲರ ಹತ್ತಿರ ಬಂದು ನಿಮ್ಮ ಕಡೆ ವಾಲುತ್ತೆ. ಗುಣಿಸಿ ವರ್ಗಮೂಲ ತೆಗೀರಿ, ಸರಿಯಾಗಿ ಒಂದು ಬರುತ್ತೆ."

ಗಂಡ ಮೊಬೈಲಿನಲ್ಲಿ ಲೆಕ್ಕ ಮಾಡಿ ನೋಡಿ ನನ್ನ ಕಡೆ ಹುಬ್ಬು ಏರಿಸಿದರು. ಆಮೇಲೆ ಮೇಡಂ ಕೇಳಿದ್ದಕ್ಕೆಲ್ಲ ಶಾಲೆ ಹುಡುಗರ ಹಾಗೆ ಉತ್ತರ ಕೊಟ್ಟರು.

ಆಗ ಮೊದಲ ಬಾರಿಗೆ ಊರುಗಳು ಮೇಜಿಗೆ ಬಂದವು. ಅವನ್ನೂ ಎರಡೆರಡೇ ಇಟ್ಟು ಕೇಳಿದರು. ಮಗಳ ಓದಿನ ಮಟ್ಟಿಗೆ ಹಗರೆಯೋ ಅರಸೀಕೆರೆಯೋ? ಓಡಾಟದ ಮಟ್ಟಿಗೆ ಹಳೇಬೀಡೋ ಹಗರೆಯೋ? ಒಂದೊಂದು ಸಲವೂ ಒಂದೇ ವಿಷಯ, ಎರಡೇ ಊರು. ಇದು ಬಹಳ ಹೊತ್ತು ಹಿಡಿಯಿತು, ಎರಡು ಸಲ ಟೀ ಆಯಿತು. ನಡುವೆ ನಾನೊಮ್ಮೆ, "ನಿಮಗೇನನ್ಸುತ್ತೆ ಮೇಡಂ?" ಎಂದೆ. "ನಂದು ಇಲ್ಲಿ ಪ್ರಶ್ನೆ ಅಲ್ಲ" ಎಂದು ಮುಂದಿನ ಜೋಡಿ ಇಟ್ಟರು.

ಕೊನೆಗೆ ಹಳೇಬೀಡಿನ ಚಿಕ್ಕ ಶಾಲೆ ಮೊದಲು ಬಂತು, ಕೂದಲೆಳೆಯಷ್ಟು ಹಿಂದೆ ಹಗರೆ. ಸಾಕಷ್ಟು ಕೆಳಗೆ ಇದ್ದಲ್ಲೇ ಇರುವುದು. ಎಲ್ಲಕ್ಕಿಂತ ಕೊನೆಗೆ ಅರಸೀಕೆರೆ. ಒಟ್ಟಿಗಿರುವುದಕ್ಕೆ ಅದರಷ್ಟು ಒಳ್ಳೆಯ ಊರಿರಲಿಲ್ಲ, ನಡೆದೇ ಶಾಲೆಗೆ ಹೋಗಬಹುದಿತ್ತು. ಆದರೆ ಮಗಳ ಓದು, ನನ್ನ ಕೆಲಸ ಎರಡರಲ್ಲೂ ಅದು ತೀರಾ ಹಿಂದೆ ಬಿದ್ದಿತ್ತು. ಹಳೇಬೀಡಿನಿಂದಾದರೆ ಮಗಳು ಬಸ್ಸಿನಲ್ಲಿ ಬೇಲೂರಿನ ಶಾಲೆಗೇ ಬರಬಹುದು, ಅರಸೀಕೆರೆಗೆ ಹೋದರೆ ಆ ಶಾಲೆಯನ್ನೇ ಬಿಡಬೇಕು. ಗಂಡನ ಮುಖ ನೋಡಿದೆ. ಅವರು ಕಾಗದವನ್ನು ಎರಡು ಸಲ ಓದಿ, "ನಾವೇ ಹೇಳಿದ್ದಲ್ವಾ" ಎಂದು ನನಗೆ ಕೊಟ್ಟರು.

"ಮೊದಲೆರಡು ಇಷ್ಟು ಹತ್ತಿರ ಇದ್ರೆ ಎರಡೂ ಒಂದೇ ಅಂತ ತಿಳ್ಕೊ" ಎಂದರು ಮೇಡಂ. "ಒಂದು ಕೈತಪ್ಪಿದ್ರೆ ಅಲ್ಲೇ ನಿಂತು ಅಳಬೇಡ. ಎರಡೂ ಹೋದ್ರೆ ಏನೂ ತಗೊಳ್ಳದೆ ಎದ್ದು ಬಾ. ಜನ ಏನಾದ್ರೂ ಅನ್ನಲಿ."

ಗುರುವಾರ ಹಾಸನದ ಕೌನ್ಸೆಲಿಂಗ್ ಕೇಂದ್ರದಲ್ಲಿ ಜಾತ್ರೆಯಷ್ಟು ಜನ. ಗಂಡ ರಜೆ ಹಾಕಿ ಬಂದು ಹೊರಗೆ ಮರದ ಕೆಳಗೆ ನಿಂತಿದ್ದರು. ಒಳಗೆ ಗೋಡೆಯ ಮೇಲೆ ದೊಡ್ಡ ಪರದೆ, ಖಾಲಿ ಹುದ್ದೆಗಳ ಸಾಲುಗಳು. ಒಬ್ಬರು ಆರಿಸಿಕೊಂಡ ಕೂಡಲೇ ಆ ಸಾಲು ಮಾಯ. ನನ್ನ ಸರದಿಗೆ ಇನ್ನಿಬ್ಬರು ಇರುವಾಗ ಹಳೇಬೀಡಿನ ಸಾಲು ಕಣ್ಣೆದುರೇ ಅಳಿಸಿಹೋಯಿತು. ನನ್ನ ಮುಂದಿದ್ದ ಶಿಕ್ಷಕಿ ತನಗೆ ಬೇಕಾದದ್ದು ಹೋಯಿತೆಂದು ಗಾಬರಿಯಾಗಿ, ಪರದೆಯನ್ನೂ ಮೊಬೈಲನ್ನೂ ನೋಡುತ್ತಾ, ಯಾವುದೋ ಒಂದು ಹೆಸರು ಹೇಳಿ ಕಣ್ಣೊರೆಸಿಕೊಳ್ಳುತ್ತಾ ಹೋದರು. ಆ ಚೀಟಿಗಳಿಲ್ಲದಿದ್ದರೆ ನಾನೂ ಹಾಗೇ ಇರುತ್ತಿದ್ದೆ.

ನನ್ನ ಹೆಸರು ಕರೆದರು. ಪರದೆಯ ಮೇಲೆ ಅರಸೀಕೆರೆ ಪೇಟೆಯ ಸಾಲು ಹಾಗೇ ಇತ್ತು. ಹಿಂದಿನಿಂದ ಯಾರೋ, "ಟೌನ್ ಉಳ್ಕೊಂಡೈತೆ ಮೇಡಂ, ಬಿಡ್ಬೇಡಿ" ಎಂದರು. ಇನ್ನೊಬ್ಬರು, "ಪುಣ್ಯ ಮಾಡಿದ್ದೀರ" ಎಂದರು.

"ಹೇಳಿ ಮೇಡಂ" ಎಂದರು ಕಂಪ್ಯೂಟರ್ ಮುಂದೆ ಕೂತಿದ್ದವರು.

"ಹಗರೆ."

ಹಿಂದೆ ಗುಸುಗುಸು ಎದ್ದಿತು. ಪರದೆಯ ಮೇಲಿಂದ ಹಗರೆಯ ಸಾಲು ಹೋಯಿತು. ಸಹಿ ಹಾಕಿ ಹೊರಗೆ ಬಂದಾಗ ಗಂಡ, "ಯಾವ್ದು?" ಎಂದು ಕೇಳಿದರು. ಹೇಳಿದೆ. "ಎರಡೂ ಒಂದೇ ಅಂದಿದ್ರಲ್ಲ ಮೇಡಂ" ಎಂದರು. ಹೋಟೆಲಿಗೆ ಹೋಗಿ ಮಸಾಲೆ ದೋಸೆ ತಿಂದೆವು.

ಎರಡೂ ಪೂರ್ತಿ ಒಂದೇ ಆಗಿರಲಿಲ್ಲ ಎಂಬುದನ್ನೂ ಹೇಳಬೇಕು. ಹಳೇಬೀಡು ಸಿಕ್ಕಿದ್ದರೆ ಗಂಡ ದಿನಾ ಮನೆಗೆ ಬರುತ್ತಿದ್ದರು. ಹಗರೆಯಿಂದಾಗಿ ಶನಿವಾರ ಭಾನುವಾರದ ಸಂಸಾರವೇ ಮುಂದುವರಿಯಿತು. ಸೋಮವಾರ ನಸುಕಿಗೆ ಬೈಕಿನ ಸದ್ದು ದೂರವಾಗುವಾಗ ಈಗಲೂ ಮನಸ್ಸು ಸಣ್ಣಗಾಗುತ್ತದೆ. ಆದರೆ ಹಗರೆಯಲ್ಲಿ ನನಗೆ ಸಿಕ್ಕಿದ್ದು ಒಂದರಿಂದ ಮೂರನೇ ತರಗತಿಯ ನಲಿ-ಕಲಿ ಕೋಣೆ. ಡೈರಿಗೆ ಹಾಲು ಹಾಕಿ ಕ್ಯಾನು ಹಿಡಿದುಕೊಂಡೇ ತಾಯಂದಿರು ಮಕ್ಕಳನ್ನು ಬಿಟ್ಟುಹೋಗುತ್ತಾರೆ. ಬಸ್ಸಿಳಿದರೆ ಶಾಲೆ. ಸೊಂಟ ನೋವು ಪೂರ್ತಿ ಹೋಗಿಲ್ಲ, ಮರೆಯುವಷ್ಟು ಕಡಿಮೆಯಾಗಿದೆ. ಅತ್ತೆ ಹೇಳಿದಂತೆ ತಾವೇ ಬಸ್ಸು ಹತ್ತಿ ಬರುತ್ತಾರೆ. ಒಮ್ಮೆ ನೇರವಾಗಿ ಶಾಲೆಗೇ ಬಂದು ಮಕ್ಕಳ ಜೊತೆ ಬಿಸಿಯೂಟ ಮಾಡಿ ಹೋದರು. ಭಾನುವಾರಗಳಲ್ಲಿ ಗಂಡ ಈಗ ನನ್ನ ತರಗತಿಯ ಸುದ್ದಿ ಕೇಳುತ್ತಾರೆ. ಕೆಲವು ಮಕ್ಕಳ ಹೆಸರೂ ಅವರಿಗೆ ಗೊತ್ತು.

ಹಗರೆಗೆ ಬಂದು ಒಂದು ವರ್ಷವಾದ ಮೇಲೆ ನನ್ನ ಸಹೋದ್ಯೋಗಿಯೊಬ್ಬರು, ಬಿ.ಎಡ್. ಮುಗಿಸಿದ ತಂಗಿಗೆ ಎಲ್ಲಿ ಕೆಲಸಕ್ಕೆ ಸೇರಿಸುವುದೆಂದು ತಿಳಿಯದೆ ಒದ್ದಾಡುತ್ತಿದ್ದರು. ನಾನು ಆ ತಂಗಿಯನ್ನು ಕೂರಿಸಿಕೊಂಡು ಚೀಟಿ ಹರಿದೆ. ನಾಲ್ಕನೇ ಜೋಡಿಗೆ ಬರುವಷ್ಟರಲ್ಲಿ ನನ್ನ ನಾಲಗೆ ತುರಿಸತೊಡಗಿತು. ಅವಳಿಗೆ ಯಾವುದು ಒಳ್ಳೆಯದೆಂದು ನನಗೆ ಸ್ಪಷ್ಟವಾಗಿ ಗೊತ್ತಿತ್ತು, ಕನಿಷ್ಠ ಗೊತ್ತಿದೆ ಎಂದು ಅನಿಸುತ್ತಿತ್ತು. ಪ್ರಶ್ನೆ ಕೇಳುವ ಧಾಟಿಯಲ್ಲೇ ಅವಳನ್ನು ಆ ಕಡೆ ತಳ್ಳುತ್ತಿದ್ದೆ. "ಅಕ್ಕ, ನೀವು ಯಾವುದು ಹೇಳಲಿ ಅಂತಿದ್ದೀರ?" ಎಂದು ಅವಳೇ ಕೇಳಿದಾಗ ಎಚ್ಚರವಾಯಿತು. ಚೀಟಿ ಬದಿಗಿಟ್ಟು, ಇನ್ನೊಂದು ದಿನ ಮಾಡೋಣ ಎಂದೆ.

ಮುಂದಿನ ಶನಿವಾರ ಮೇಡಂ ಮನೆಗೆ ಹೋಗಿ ಇದನ್ನು ಹೇಳಿದೆ. ಅಷ್ಟರಲ್ಲಿ ಅವರಿಗೆ ನಿವೃತ್ತಿಯಾಗಿತ್ತು. ಬೆಳಿಗ್ಗೆ ಹೊತ್ತು ಸುತ್ತಲಿನ ಮಕ್ಕಳಿಗೆ ಸುಮ್ಮನೆ ಗಣಿತ ಹೇಳಿಕೊಡುತ್ತಿದ್ದರು. ನನ್ನ ಮಾತು ಕೇಳಿ ನಕ್ಕರು. ಅಂದು ಅವರು ತಮ್ಮ ವಿಷಯವನ್ನೂ ಹೇಳಿದರು. ಹಿಂದೆ ದೂರದ ತಾಲ್ಲೂಕಿಗೆ ಮುಖ್ಯೋಪಾಧ್ಯಾಯಿನಿಯಾಗಿ ಬಡ್ತಿ ಬಂದಾಗ ತಾವೂ ಹೀಗೇ ಬರೆದು ನೋಡಿದ್ದರಂತೆ. ಎರಡು ಸಲ ಸುತ್ತು ಬಂತಂತೆ, ಮೂರನೇ ಸಲ ಬರಲಿಲ್ಲ. ಬಡ್ತಿ ಬೇಡವೆಂದು ಬರೆದುಕೊಟ್ಟರು. ಬಸ್ಸಿನಲ್ಲಿ ಜನ, ಪಾಪ ಹೆದರಿಕೊಂಡರು ಎಂದು ಆಡಿಕೊಂಡದ್ದು ನನಗೂ ನೆನಪಿತ್ತು. ಅವರು ಆಗ ತಮ್ಮ ಪಾಡಿಗೆ ಪತ್ರಿಕೆ ತಿದ್ದುತ್ತಿದ್ದರು.

ಎದ್ದು ಹೊರಡುವಾಗ, ಬಹಳ ದಿನದಿಂದ ಇದ್ದ ಪ್ರಶ್ನೆ ಕೇಳಿದೆ. "ಆವತ್ತು ನನಗೆ ಯಾವುದು ಒಳ್ಳೇದು ಅಂತ ನಿಮಗೆ ಅನ್ಸಿತ್ತು ಮೇಡಂ? ಈಗಲಾದ್ರೂ ಹೇಳಿ."

ಅವರು ಹಿಂಜರಿಯಲಿಲ್ಲ. "ಅರಸೀಕೆರೆ. ಗಂಡ ಹೆಂಡ್ತಿ ಒಂದು ಕಡೆ ಇರಬೇಕು ಅಂತ ನಂಗೆ ಅನ್ನಿಸ್ತಿತ್ತು. ಈಗಲೂ ಅನ್ಸುತ್ತೆ."

ನಾನು ಬೆಪ್ಪಾಗಿ ನಿಂತೆ. ಆ ಎರಡು ದಿನ, ಅಷ್ಟೊಂದು ಜೋಡಿ ಪ್ರಶ್ನೆಗಳು, ಒಂದರಲ್ಲೂ ಅವರ ದನಿ ಅರಸೀಕೆರೆಯ ಕಡೆ ವಾಲಿರಲಿಲ್ಲ. ಅದು ಕೊನೆಯ ಸ್ಥಾನಕ್ಕೆ ಇಳಿದಾಗಲೂ ಮುಖದಲ್ಲಿ ಒಂದು ಗೆರೆ ಅಲುಗಿರಲಿಲ್ಲ.

"ಮತ್ತೆ ಯಾಕೆ ಹೇಳಲಿಲ್ಲ?"

"ದಿನಾ ಬೆಳಿಗ್ಗೆ ಎದ್ದು ಆ ಸ್ಕೂಲಿಗೆ ಹೋಗಬೇಕಾದವಳು ನೀನು ಕಣಮ್ಮ" ಎಂದರು. ಆಮೇಲೆ, ಮಳೆ ಬರೋ ಹಾಗಿದೆ, ಬೇಗ ಹೊರಡು ಎಂದು ಬಾಗಿಲವರೆಗೂ ಬಂದರು.